ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡ ಮೊದಲ ಮೂರು ತಿಂಗಳು: ಸೆಕೆ, ಕರೆಂಟು ಮತ್ತು ಹುಳ

ನೀವು ಶಿರಸಿ ಕಡೆಯವರು, ಮೊದಲ ಸಲ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳುತ್ತಿದ್ದೀರಿ ಅಂತ ಬರೆದು, ಈಗಾಗಲೇ ತಗೊಂಡವರಿಗೆ ಮೊದಮೊದಲು ಏನನ್ನಿಸಿತು ಅಂತ ಕೇಳಿದ್ದೀರಿ. ಬಣ್ಣದ ಲೈಟಿನ ಕೀಬೋರ್ಡಿಗೆ ನಾಲ್ಕೈದು ಸಾವಿರ ಜಾಸ್ತಿ ಕೊಡಬಹುದಾ ಅಂತಲೂ ಕೇಳಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಕಾರವಾರದ ಕೋಡಿಬಾಗದವನು. ಮೇ ತಿಂಗಳ ಶುರುವಿನಲ್ಲಿ ತಗೊಂಡೆ, ಈಗ ಜುಲೈ ಮುಗಿಯುತ್ತ ಬಂತು. ಒಂದು ತಿಂಗಳು ಸೆಕೆಯಲ್ಲಿ, ಉಳಿದದ್ದು ಮಳೆಯಲ್ಲಿ. ರೈಜನ್ 7 ಪ್ರೊಸೆಸರ್, 8 ಜಿಬಿಯ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 15.6 ಇಂಚಿನ 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುವ) ಸ್ಕ್ರೀನು. ಲಕ್ಷಕ್ಕೆ ಸ್ವಲ್ಪ ಕಡಿಮೆ ಆಯಿತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅಪ್ಪನಿಗೆ ಮದುವೆ ವಿಡಿಯೊ ಎಡಿಟಿಂಗಿಗೆ ಬೇಕು ಅಂತ ಹೇಳಿದ್ದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಡಬ್ಬಿ ಬಿಚ್ಚಿದಾಗ ಅಮ್ಮ ಲ್ಯಾಪ್‌ಟಾಪ್ ಕಡೆ ನೋಡಲೇ ಇಲ್ಲ. ಚಾರ್ಜರ್ ಎತ್ತಿಕೊಂಡು "ಇದೆಂತ ಮಾರಾಯಾ, ಇಟ್ಟಿಗೆ ಕಳಿಸಿದಾರೆ" ಅಂದರು. ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟರೆ ವೈರ್ ಸಮೇತ ಮುಕ್ಕಾಲು ಕಿಲೋ ದಾಟಿತು. ಲ್ಯಾಪ್‌ಟಾಪ್ ಎರಡೂವರೆ ಕಿಲೋ ಹತ್ತಿರ. ಎರಡೂ ಸೇರಿ ಬ್ಯಾಗಿಗೆ ಹಾಕಿಕೊಂಡು ಬಸ್ಸಲ್ಲಿ ನಿಂತು ಅಂಕೋಲಾ ತನಕ ಹೋಗಿ ನೋಡಿ, ಹೆಗಲು ಹೇಳುತ್ತದೆ. ಚಾರ್ಜರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 20 ವೋಲ್ಟ್, 11.5 ಆಂಪ್ ಅಂತ ಇತ್ತು. ಗುಣಿಸಿದರೆ 230 ವ್ಯಾಟ್. ನನ್ನ ಹಳೆಯ ಆಫೀಸ್ ಲ್ಯಾಪ್‌ಟಾಪಿನದು 65 ವ್ಯಾಟ್ ಇತ್ತು. ಆ ಚೀಟಿ ಓದಿದಾಗಲೇ ನನಗೆ ಗೊತ್ತಾಗಬೇಕಿತ್ತು. ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಗೂಟಕ್ಕೆ ಕಟ್ಟಿದ ಎಮ್ಮೆ. ಗೋಡೆಯ ಪ್ಲಗ್ಗೇ ಗೂಟ. ಹಗ್ಗ ಎಷ್ಟು ಉದ್ದವೋ ಅಷ್ಟೇ ಮೇವು.

ಮೊದಲ ದಿನ ಸಂಜೆ ಒಂದು ಗೇಮೂ ಆಡಲಿಲ್ಲ. ವಿಂಡೋಸ್ ಅಪ್‌ಡೇಟ್, ಗ್ರಾಫಿಕ್ಸ್ ಡ್ರೈವರ್, ಆಮೇಲೆ ಕೇಳದೇ ಕೊಟ್ಟ ಆಂಟಿವೈರಸ್ ತೆಗೆಯುವ ಕೆಲಸ. 512 ಜಿಬಿ ಅಂದದ್ದು ವಿಂಡೋಸ್ ಲೆಕ್ಕದಲ್ಲಿ 476 ಆಗುತ್ತದೆ, ಅದು ಮೋಸ ಅಲ್ಲ, ಎಣಿಸುವ ರೀತಿ ಬೇರೆ. ಆದರೆ ರೆಡ್ ಡೆಡ್ ರಿಡೆಂಪ್ಶನ್ 2 ಅನ್ನುವ ಗೇಮ್ ಒಂದಕ್ಕೇ 150 ಜಿಬಿ ಜಾಗ ಬೇಕು. ನಮ್ಮ 40 ಎಂಬಿಪಿಎಸ್ ಲೈನಿನಲ್ಲಿ ಅಷ್ಟು ಇಳಿಸಲು ಎಂಟು ಗಂಟೆ ಮೇಲೆ. ರಾತ್ರಿ ಹಾಕಿ ಮಲಗಿದೆ. ಮಧ್ಯೆ ಕರೆಂಟ್ ಹೋಗಿ ರೂಟರ್ ಆಫ್ ಆಗಿ, ಬೆಳಿಗ್ಗೆ ನೋಡಿದರೆ ಶೇ 38ಕ್ಕೆ ನಿಂತಿತ್ತು.

ಸ್ಕ್ರೀನ್ ಬಗ್ಗೆ ಮಾತ್ರ ಒಳ್ಳೆಯದನ್ನೇ ಹೇಳಬೇಕು. 60 ಹರ್ಟ್ಜ್ ಸ್ಕ್ರೀನಿನಲ್ಲಿ ಒಂದು ಚಿತ್ರ ಬದಲಾಗಲು ಸುಮಾರು 17 ಮಿಲಿಸೆಕೆಂಡ್, 144ರಲ್ಲಿ ಸುಮಾರು 7. ಕಾಗದದಲ್ಲಿ ಇದು ದೊಡ್ಡದು ಅನ್ನಿಸುವುದಿಲ್ಲ. ಮೌಸ್ ಅಲ್ಲಾಡಿಸಿದ ಕೂಡಲೇ ಗೊತ್ತಾಗುತ್ತದೆ. ಈಗ ಹಳೆಯ ಲ್ಯಾಪ್‌ಟಾಪ್ ತೆರೆದರೆ ಎಲ್ಲ ಎಣ್ಣೆ ಹಾಕದ ಬಾಗಿಲಿನ ಹಾಗೆ ಅನ್ನಿಸುತ್ತದೆ. ಒಂದು ಸಲ ಹೊಸದೂ ಹಾಗೇ ತಡವರಿಸಿತು. ಕೆಟ್ಟೇಹೋಯಿತು ಅಂತ ಗಾಬರಿಯಾದೆ. ಪ್ಲಗ್ ಕಿತ್ತಾಗ ಬ್ಯಾಟರಿ ಉಳಿಸಲು ಅದೇ ತಾನಾಗಿ 60ಕ್ಕೆ ಇಳಿದಿತ್ತು, ಅಷ್ಟೇ.

ಈಗ ವ್ಯಾಟಿನ ವಿಷಯ. ತಗೊಳ್ಳುವ ಮೊದಲು ಎಲ್ಲರೂ ನಂಬರ್ ನೋಡುತ್ತಾರೆ, 4050ಯಾ 4060ಯಾ ಅಂತ. ನಾನೂ ಹಾಗೇ ನೋಡಿದ್ದು. ಆ ನಂಬರಿನ ಹಿಂದೆ ಇನ್ನೊಂದು ನಂಬರ್ ಇರುತ್ತದೆ, ಅದನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ಲ್ಯಾಪ್‌ಟಾಪಿನ 4060 ಚಿಪ್ಪಿಗೆ 35 ವ್ಯಾಟಿನಿಂದ 115 ವ್ಯಾಟ್ ತನಕ ಎಷ್ಟು ಕರೆಂಟ್ ಕುಡಿಸಬೇಕು ಅನ್ನುವುದನ್ನು ಆ ಚಿಪ್ ಮಾಡುವ ಎನ್‌ವಿಡಿಯಾ ಲ್ಯಾಪ್‌ಟಾಪ್ ಮಾಡುವವರಿಗೇ ಬಿಟ್ಟಿದೆ. ಹೆಸರು ಒಂದೇ, ಕೆಲಸ ಬೇರೆ ಬೇರೆ. ಅಂಕೋಲಾದ ನನ್ನ ಗೆಳೆಯನ ಹತ್ತಿರ ತೆಳ್ಳಗಿನ, ಚೆಂದದ ಲ್ಯಾಪ್‌ಟಾಪ್ ಇದೆ. ಅದರಲ್ಲೂ 4060. ಪಕ್ಕಪಕ್ಕ ಇಟ್ಟು ಒಂದೇ ಗೇಮ್, ಒಂದೇ ಸೆಟ್ಟಿಂಗ್ ಹಾಕಿದೆವು. ನನ್ನದು ಸೆಕೆಂಡಿಗೆ 90 ಫ್ರೇಮಿನ (ಚಿತ್ರದ) ಹತ್ತಿರ, ಅವನದು 65. ಅವನದು ಅರ್ಧ ಕಿಲೋ ಹಗುರ, ಅದಕ್ಕೆ ಫ್ರೇಮಿನಲ್ಲಿ ತೆರಿಗೆ ಕಟ್ಟಿದ್ದಾನೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಗರಿಷ್ಠ ಗ್ರಾಫಿಕ್ಸ್ ಪವರ್ ಎಷ್ಟು ಅಂತ ಸಿಗುತ್ತದೆ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಅಲ್ಲೇ ತೆರೆಸಿ ನೋಡಿ. ಮುಖ ಹುಳ್ಳಗೆ ಮಾಡಿಕೊಂಡರೆ ಮಾಡಿಕೊಳ್ಳಲಿ.

ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು ಅಲ್ವಾ? ಮೇ ತಿಂಗಳ ಕಾರವಾರದಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ ಫ್ಯಾನ್ ಒಳಗೆ ಎಳೆಯುವುದೂ ಅದೇ ಬಿಸಿ ಗಾಳಿ. ಪೂರ್ತಿ ಶಕ್ತಿ ಹಾಕಿ ಓಡಿಸುವ ಟರ್ಬೊ ಮೋಡಿನಲ್ಲಿ ಪ್ರೊಸೆಸರ್ 94 ಡಿಗ್ರಿಗೆ ಹೋಯಿತು. ಡಬ್ಲ್ಯೂ ಕೀ ಮೇಲಿಟ್ಟ ಬೆರಳು ಬೆವರಿ ಜಾರುತ್ತಿತ್ತು. ಬಲಗಡೆ ಮೌಸ್ ಹಿಡಿದ ಕೈಗೆ ಇಸ್ತ್ರಿ ಪೆಟ್ಟಿಗೆಯ ಹತ್ತಿರ ಕೂತ ಹಾಗೆ ಬಿಸಿ ಗಾಳಿ. ಅರಬೈಲ್ ಘಟ್ಟದಲ್ಲಿ ಲೋಡ್ ಲಾರಿ ಬಿಸಿಯಾದರೆ ಡ್ರೈವರ್ ಗೇರ್ ಇಳಿಸುತ್ತಾನಲ್ಲ, ಚಿಪ್ಪೂ ಅದನ್ನೇ ಮಾಡುತ್ತದೆ. ತಾನೇ ವೇಗ ಇಳಿಸಿಕೊಳ್ಳುತ್ತದೆ. ಗೇಮ್ ಒಂದು ಕ್ಷಣ ಸಿಕ್ಕಿಹಾಕಿಕೊಳ್ಳುತ್ತದೆ. ನೀವು ಸಾಯುತ್ತೀರಿ. ಗೇಮಿನೊಳಗೆ.

ಕೂಲಿಂಗ್ ಪ್ಯಾಡಿಗೆ ದುಡ್ಡು ಹಾಕುವ ಮೊದಲು ಎರಡು ಬಿಟ್ಟಿ ಕೆಲಸ ಮಾಡಿದೆ. ಹಿಂದಿನ ರಬ್ಬರ್ ಕಾಲುಗಳ ಕೆಳಗೆ ನೀರಿನ ಬಾಟಲಿಯ ಎರಡು ಮುಚ್ಚಳ ಇಟ್ಟೆ. ನಾಲ್ಕೈದು ಡಿಗ್ರಿ ಇಳಿಯಿತು. ಆಮೇಲೆ ಟರ್ಬೊ ಬಿಟ್ಟು ಬ್ಯಾಲೆನ್ಸ್ಡ್ ಮೋಡಿಗೆ ಹಾಕಿ, ಫ್ರೇಮ್ 75ಕ್ಕಿಂತ ಮೇಲೆ ಹೋಗದ ಹಾಗೆ ಮಿತಿ ಹಾಕಿದೆ. ಬಿಸಿ 80 ಡಿಗ್ರಿಯ ಆಸುಪಾಸಿಗೆ ಬಂದು ನಿಂತಿತು. ಕಥೆ ಇರುವ ಗೇಮಿನಲ್ಲಿ 75 ಆದರೂ 90 ಆದರೂ ನನ್ನ ಕಣ್ಣಿಗೆ ಒಂದೇ. ನಿಮ್ಮ ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ರಾತ್ರಿ ಇಷ್ಟು ಸೆಕೆ ಇರುವುದಿಲ್ಲ. ಈ ವಿಷಯದಲ್ಲಿ ನೀವು ಪುಣ್ಯವಂತರು.

ಫ್ಯಾನಿನ ಸದ್ದು ಮೇ ಪೂರ್ತಿ ಮನೆಯಲ್ಲಿ ಜಗಳದ ವಿಷಯವಾಗಿತ್ತು. ಪಕ್ಕದ ಕೋಣೆಯಿಂದ ಅಪ್ಪ "ನೀರಿನ ಪಂಪ್ ಆಫ್ ಮಾಡು" ಅಂತ ಕೂಗಿದ್ದೂ ಇದೆ. ಜೂನಿನಲ್ಲಿ ಮಳೆ ಹಿಡಿಯಿತು. ಜಗುಲಿಯ ತಗಡಿನ ಮೇಲೆ ಮಳೆ ಬೀಳುವಾಗ ನನಗೇ ಫ್ಯಾನ್ ಕೇಳಿಸುವುದಿಲ್ಲ. ಜಗಳ ಮುಗಿಯಿತು.

ಮಳೆ ಬಂತು ಅಂದರೆ ಕರೆಂಟ್ ಹೋಯಿತು ಅಂತಲೇ ಅರ್ಥ. ಬ್ಯಾಟರಿ ಇದೆಯಲ್ಲ ಅಂತ ನೀವು ಅಂದುಕೊಳ್ಳಬಹುದು. ಲೆಕ್ಕ ನೋಡಿ. ನನ್ನದರ ಬ್ಯಾಟರಿ 60 ವ್ಯಾಟ್‌ಅವರ್, ಅಂದರೆ 60 ವ್ಯಾಟ್ ಎಳೆದರೆ ಒಂದು ಗಂಟೆ. ಚಾರ್ಜರ್ ಇಟ್ಟಿಗೆ ಕೊಡುವಷ್ಟು ಕರೆಂಟನ್ನು ಅದರಿಂದ ಎಳೆಯಲು ಸಾಧ್ಯವೇ ಇಲ್ಲ. ಹಾಗಾಗಿ ಪ್ಲಗ್ ಹೋದ ಕೂಡಲೇ ಲ್ಯಾಪ್‌ಟಾಪ್ ತನ್ನ ಊಟ ಇಳಿಸುತ್ತದೆ. 90 ಫ್ರೇಮ್ 35 ಆಗುತ್ತದೆ. ಅಷ್ಟಕ್ಕೂ 50 ನಿಮಿಷಕ್ಕೆ ಖಾಲಿ. ಬರೀ ಬರೆಯುವುದು, ಬ್ರೌಸ್ ಮಾಡುವುದಾದರೆ ನಾಲ್ಕು ಗಂಟೆ ಮೇಲೆ ಬರುತ್ತದೆ. ಆದರೆ ಡೆಸ್ಕ್‌ಟಾಪಿನ ಹಾಗೆ ದಪ್ ಅಂತ ಆಫ್ ಆಗುವುದಿಲ್ಲ, ಗೇಮ್ ಸೇವ್ ಮಾಡಲು ಸಮಯ ಸಿಗುತ್ತದೆ. ನಮ್ಮ ಊರಿಗೆ ಇದೇ ದೊಡ್ಡ ಉಪಕಾರ.

ಇನ್ವರ್ಟರಿಗೆ ಹಾಕಿಯೂ ನೋಡಿದೆ. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಇಟ್ಟಿಗೆ ಜೀರುಂಡೆ ಹಾಗೆ ಗುಂಯ್ ಅನ್ನಲು ಶುರು ಮಾಡಿತು, ಮುಟ್ಟಿದರೆ ಮಾಮೂಲಿಗಿಂತ ಬಿಸಿ. ಎರಡೇ ನಿಮಿಷಕ್ಕೆ ಕಿತ್ತೆ. ಇಂಥ ಚಾರ್ಜರಿಗೆ ಲೈನಿನ ಕರೆಂಟಿನ ಹಾಗೇ ನಯವಾದ ಕರೆಂಟ್ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಬೇಕು. ನಿಮ್ಮ ಮನೆಯಲ್ಲಿ ಯಾವುದಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ. ಗುಡುಗು ಶುರುವಾದರಂತೂ ಲ್ಯಾಪ್‌ಟಾಪ್, ರೂಟರ್ ಎರಡರ ಪ್ಲಗ್ಗೂ ಕಿತ್ತು ಇಡುವುದೇ. ಇದರಲ್ಲಿ ಅಪ್ಪ ಹೇಳಿದ್ದೇ ಸರಿ.

ಬಿಲ್ಲಿನ ಬಗ್ಗೆ ಅಪ್ಪನ ಇನ್ನೊಂದು ತಕರಾರು ಇತ್ತು. ಗೇಮ್ ಆಡುವಾಗ ಗೋಡೆಯಿಂದ ಸುಮಾರು 180 ವ್ಯಾಟ್ ಅಂತ ಹಿಡಿಯಿರಿ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 16 ಯೂನಿಟ್. ದುಡ್ಡಿನಲ್ಲಿ ನೂರು ರೂಪಾಯಿ ಆಸುಪಾಸು, ಏನೂ ಅಲ್ಲ. ಆದರೆ ನಮ್ಮದು ಗೃಹಜ್ಯೋತಿ ಮನೆ. 2022-23ರ ತಿಂಗಳ ಸರಾಸರಿ, ಅದರ ಮೇಲೆ ಶೇ 10, ಅಷ್ಟರ ತನಕ ಸೊನ್ನೆ ಬಿಲ್ಲು, ಮೇಲೆ ಹೋದರೆ ಹೋದಷ್ಟಕ್ಕೆ ಕಟ್ಟಬೇಕು. ನಮ್ಮ ಮಿತಿ 99 ಯೂನಿಟ್. ಜೂನಿನಲ್ಲಿ 106 ಬಂತು. ಏಳು ಯೂನಿಟ್ಟಿನ ಬಿಲ್ಲನ್ನು ಅಪ್ಪ ಫ್ರಿಜ್ ಮೇಲೆ ಅಂಟಿಸಿದ್ದಾರೆ. ಇನ್ನೂ ತೆಗೆದಿಲ್ಲ.

ಐದನೇ ವಾರಕ್ಕೆ ಎಡಗಡೆ ಫ್ಯಾನ್ ಕಟಕಟ ಅನ್ನತೊಡಗಿತು. ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಇದೆ ಅಂತ ನಾನು ಆರಾಮಾಗಿದ್ದೆ. ನಾಳೆ ಬರುತ್ತಾರೆ ಅಂದರು. ಆ ನಾಳೆ ಹನ್ನೊಂದು ದಿನದ ಮೇಲೆ ಬಂತು. ಟೆಕ್ನೀಶಿಯನ್ ಹುಬ್ಬಳ್ಳಿಯಿಂದ ಘಟ್ಟ ಇಳಿದು ಬರಬೇಕು, ಅದು ಅವರ ತಪ್ಪಲ್ಲ. ಆದರೆ ಮೊದಲ ಸಲ ಬಂದ ಪಾರ್ಟೇ ಬೇರೆ ಮಾಡೆಲಿಂದು. ಕಂಪನಿ ಹೆಸರು ಬರೆಯದಿರುವುದು ಇದಕ್ಕೇ. ಬರೆದರೆ ಕೆಳಗೆ ಕಮೆಂಟಿನಲ್ಲಿ ಯುದ್ಧ ಆಗುತ್ತದೆ. ನೀವು ಮಾತ್ರ ತಗೊಳ್ಳುವ ಮೊದಲು ನಿಮ್ಮ ಪಿನ್‌ಕೋಡಿಗೆ ಮನೆ ಸರ್ವಿಸ್ ಇದೆಯಾ, ಎಲ್ಲಿಂದ ಬರುತ್ತಾರೆ ಅಂತ ಕೇಳಿಕೊಳ್ಳಿ.

ಟೆಕ್ನೀಶಿಯನ್ ಫ್ಯಾನ್ ಬಿಚ್ಚಿದ ದಿನದ ದೃಶ್ಯ ಹೇಳಲೇಬೇಕು. ಅವನು ಹನ್ನೊಂದು ಸ್ಕ್ರೂ ಬಿಚ್ಚಿ, ಸಾಲಾಗಿ ಪೇಪರಿನ ಮೇಲೆ ಇಟ್ಟು, ತಳ ತೆಗೆದ. ಫ್ಯಾನಿನ ಪಕ್ಕ, ತಾಮ್ರದ ಪೈಪ್ ಬಾಗುವ ಮೂಲೆಯಲ್ಲಿ, ಸಣ್ಣ ಕೆಂಪಿರುವೆಗಳ ಒಂದು ಸಂಸಾರ. ಅಕ್ಕಿ ನುಚ್ಚಿನ ಹಾಗೆ ಬೆಳ್ಳಗೆ ಮೊಟ್ಟೆ. ಬೆಳಕು ಬಿದ್ದ ಕೂಡಲೇ ಒಂದೊಂದೂ ಒಂದೊಂದು ಮೊಟ್ಟೆ ಕಚ್ಚಿಕೊಂಡು ರ‍್ಯಾಮ್ ಕಡೆ ಓಡಿದವು. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಹೊರಗೆ ಎಲ್ಲ ಒದ್ದೆ, ಒಳಗೆ ಬೆಚ್ಚಗೆ ಒಣ ಜಾಗ, ಅವಕ್ಕಾದರೂ ಮತ್ತೆಂತ ಬೇಕು ಅಂದ. ಮೆತ್ತನೆಯ ಬ್ರಷ್ಷಿನಲ್ಲಿ ಎಲ್ಲ ಗುಡಿಸಿದ. ಫ್ಯಾನ್ ಕೆಟ್ಟಿದ್ದು ಇರುವೆಯಿಂದ ಅಂತ ಬರೆದರೆ ವಾರಂಟಿಯಲ್ಲಿ ಬರುವುದಿಲ್ಲವಂತೆ. ಬೇರಿಂಗ್ ಹೋಗಿದೆ ಅಂತ ಬರೆದ. ನಿಜವಾಗಿ ಏನಾಗಿತ್ತೋ ಗೊತ್ತಿಲ್ಲ, ನಾನು ಒಂದು ಗ್ಲಾಸ್ ಕೋಕಂ ಜಾಸ್ತಿ ಕೊಟ್ಟೆ.

ಅವನೇ ತೋರಿಸಿದ ಇನ್ನೊಂದು ಸಂಗತಿ: ಎರಡೇ ತಿಂಗಳಿಗೆ ಪೋರ್ಟಿನ ಪಕ್ಕದ ಸ್ಕ್ರೂ ತಲೆಯಲ್ಲಿ ತುಕ್ಕಿನ ಚುಕ್ಕಿ. ಸಮುದ್ರದ ಗಾಳಿಯಲ್ಲಿ ಉಪ್ಪು ಇರುತ್ತದೆ, ಆ ಉಪ್ಪು ತೇವ ಎಳೆದುಕೊಂಡು ಲೋಹದ ಮೇಲೆ ಕೂರುತ್ತದೆ. ನಮ್ಮ ಕಿಟಕಿ ಸರಳು, ಸೈಕಲ್ ಚೈನು ಎಲ್ಲದರದ್ದೂ ಇದೇ ಕಥೆ. ಪಡುವಣ ಕಿಟಕಿಯ ಹತ್ತಿರದಿಂದ ಮೇಜು ಸರಿಸಿದೆ. ನಿಮಗೆ ಉಪ್ಪಿನ ಕಾಟ ಇಲ್ಲ, ಆದರೆ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ನಿಮ್ಮದು. ಮಳೆಗಾಲದಲ್ಲಿ ವಾರಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಡಬೇಡಿ. ದಿನಾ ಸ್ವಲ್ಪ ಹೊತ್ತು ಆನ್ ಮಾಡಿದರೆ ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಆಡಲು ನಿಮಗೆ ಇಷ್ಟು ಒಳ್ಳೆಯ ನೆಪ ಬೇರೆ ಸಿಗಲಿಕ್ಕಿಲ್ಲ.

ಇನ್ನು ಕೀಬೋರ್ಡ್ ಲೈಟು. ಮೊದಲ ಮೂರು ದಿನ ಕಾಮನಬಿಲ್ಲು ಓಡಿಸಿದೆ. ಆಮೇಲೆ ಕಣ್ಣು ನೋವು ಬಂದು ಬಿಳಿಗೆ ಹಾಕಿದೆ. ಜೂನ್ ಮೊದಲ ವಾರದಲ್ಲಿ ಒಂದು ರಾತ್ರಿ, ಮಳೆ ಬಿಟ್ಟ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಕೋಣೆಯಲ್ಲಿ ಬೆಳಕು ಅಂತ ಇದ್ದದ್ದು ಸ್ಕ್ರೀನ್ ಮತ್ತು ಕೀಬೋರ್ಡ್ ಮಾತ್ರ. ಕಿಟಕಿ ತೆರೆದೇ ಇತ್ತು. ಈಸಲು ಹುಳಗಳು, ಅದೇ ರೆಕ್ಕೆಯ ಗೆದ್ದಲು, ಒಂದರ ಹಿಂದೊಂದು ಬಂದು ಕೀಗಳ ಮೇಲೆ ಬಿದ್ದವು. ನಾಲ್ಕು ನಿಮಿಷಕ್ಕೆ ಅಕ್ಷರ ಕಾಣದಷ್ಟು. ರೆಕ್ಕೆ ಉದುರಿಸಿ, ಬರೀ ಮೈಯಲ್ಲಿ ಕೀಗಳ ಸಂದಿಯೊಳಗೆ ನುಗ್ಗುತ್ತವೆ. ಅಮ್ಮ ಮೇಣದ ಬತ್ತಿ ತಂದು ಜಗುಲಿಯಲ್ಲಿ ಇಟ್ಟ ಮೇಲೆ ಅರ್ಧ ಹುಳ ಆ ಕಡೆ ಹೋದವು.

ಹುಳಗಳು ಬಿಳಿ, ನೀಲಿ ಬೆಳಕಿಗೆ ಬಂದಷ್ಟು ಕೆಂಪಿಗೆ ಬರುವುದಿಲ್ಲ. ಅಂದಿನಿಂದ ನನ್ನ ಕೀಬೋರ್ಡ್ ಕೆಂಪು. ಬಣ್ಣ ಬದಲಿಸಲು ಬರುವ ಕೀಬೋರ್ಡಿನಿಂದ ನನಗೆ ಆದ ಉಪಯೋಗ ಇದೊಂದೇ, ಇದಕ್ಕೆ ನಾಲ್ಕೈದು ಸಾವಿರ ಬೇಡ. ಆ ದುಡ್ಡಿಗೆ ಸ್ವಲ್ಪ ಸೇರಿಸಿಯಾದರೂ ಇನ್ನೊಂದು ರ‍್ಯಾಮ್ ಹಾಕಿಸಿ. ನನ್ನದರಲ್ಲಿ ಒಂದೇ ಸ್ಟಿಕ್ ಕೊಟ್ಟಿದ್ದರು, ಎರಡನೆಯದು ಹಾಕಿದ ಮೇಲೆ ಗೇಮ್ ಮಧ್ಯೆ ತಡವರಿಸುವುದು ಎಷ್ಟೋ ಕಡಿಮೆಯಾಯಿತು. ಅಂದಹಾಗೆ ಸ್ಪೇಸ್‌ಬಾರಿನ ಕೆಳಗೆ ಒಂದು ರೆಕ್ಕೆ ಇನ್ನೂ ಇದೆ. ಕೆಂಪು ಬೆಳಕಿನಲ್ಲಿ ಅದರ ನರ ಕೂಡ ಕಾಣುತ್ತದೆ.