ಯಾವ ಆ್ಯಪ್‌ನಲ್ಲಿ ಕೆಲ್ಸ ಬರೆದಿಡ್ಲಿ?

ಪ್ರಶ್ನೆ: ಮೇಡಂ, ನಮ್ದು ಕೋಲಾರದ ಹತ್ರ ಹಳ್ಳಿ. ಬೆಳಿಗ್ಗೆ ಟೊಮೆಟೊ ತೋಟ, ಆಮೇಲೆ ಸ್ಕೂಲಲ್ಲಿ ಪಾಠ, ಸಂಜೆ ಮಕ್ಕಳು. ಔಷಧಿ ಹೊಡೆಯೋದು, ಫೀಸ್ ಕಟ್ಟೋದು ಎಲ್ಲಾ ಮರ್ತೋಗ್ತಿದೆ. ಟೊಡೊಯಿಸ್ಟ್, ಮೈಕ್ರೋಸಾಫ್ಟ್ ಟು ಡು, ಗೂಗಲ್ ಟಾಸ್ಕ್ಸ್, ಇದ್ರಲ್ಲಿ ಯಾವುದು ಹಾಕ್ಕೊಳ್ಲಿ?

ಉತ್ತರ: ನಿಮ್ ಪತ್ರ ಓದಿ ನಮ್ಮಮ್ಮ ನೆನಪಾದ್ರು, ಅವ್ರದೂ ಇದೇ ಓಟ. ನಿಮ್ಗೆ ನಾನು ಹೇಳೋದು ಟೊಡೊಯಿಸ್ಟ್, ಯಾಕಂದ್ರೆ ಔಷಧಿ ಹೊಡೆಯೋ ದಿನ ಮಳೆ ಬಂತು ಅಂದ್ರೆ ಎರಡು ದಿನ ಮುಂದೆ ಹೋಗುತ್ತೆ ಅಲ್ವಾ, ಆಗ ಮುಂದಿನ ಸಲದ ಲೆಕ್ಕ ನೀವು ನಿಜವಾಗ್ಲೂ ಹೊಡೆದ ದಿನದಿಂದ ಶುರುವಾಗ್ಬೇಕು, ಕ್ಯಾಲೆಂಡರ್ ತಾರೀಖಿಂದ ಅಲ್ಲ. ಅದ್ರಲ್ಲಿ ಇಂಗ್ಲಿಷಲ್ಲಿ 'ಎವ್ರಿ! 10 ಡೇಸ್' ಅಂತ ಟೈಪ್ ಮಾಡಿ, ಎವ್ರಿ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಇರ್ಲೇಬೇಕು, ಆಗ ಮುಗಿಸಿ ಟಿಕ್ ಹಾಕಿದ ದಿನದಿಂದಾನೇ 10 ದಿನ ಎಣಿಸುತ್ತೆ. ಎಷ್ಟು ದಿನ ಅನ್ನೋದು ಮಾತ್ರ ಔಷಧಿ ಡಬ್ಬಿ ಮೇಲೆ ನೋಡಿ ಹಾಕಿ. ಗೂಗಲ್ ಟಾಸ್ಕ್ಸ್‌ಲಿ ರಿಪೀಟ್ ಇದೆ, ಆದ್ರೆ ಅದು ಹಾಕಿಟ್ಟ ತಾರೀಖು ಹಿಡ್ಕೊಂಡೇ ಹೋಗುತ್ತೆ, ಫೀಸಿಗೆ ಅದು ಚೆನ್ನಾಗಿದೆ, ಕ್ಯಾಲೆಂಡರಲ್ಲೂ ಕಾಣಿಸುತ್ತೆ.

ಟೊಡೊಯಿಸ್ಟ್ ಫ್ರೀಲಿ 5 ಪ್ರಾಜೆಕ್ಟ್, ಅಂದ್ರೆ 5 ಬೇರೆ ಬೇರೆ ಲಿಸ್ಟ್ ಅಷ್ಟೇ, ತೋಟ, ಸ್ಕೂಲು, ಮನೆ ಅಂತ ಮೂರು ಮಾಡ್ಕೊಂಡ್ರೆ ಸಾಕು.

ಟು ಡುಲಿ ನಂಗೆ ತುಂಬಾ ಇಷ್ಟ ಆಗೋದು 'ಮೈ ಡೇ' ಅನ್ನೋ ಇವತ್ತಿನ ಲಿಸ್ಟ್, ರಾತ್ರಿ ಕಳೆದ್ರೆ ಖಾಲಿ ಆಗುತ್ತೆ, ಬೆಳಿಗ್ಗೆ ಇವತ್ತಿನದ್ದು ಮಾತ್ರ ಆರಿಸ್ಕೋಬಹುದು, ಉಳಿದ ಕೆಲ್ಸ ಲಿಸ್ಟಲ್ಲೇ ಇರುತ್ತೆ. ಮೂರೂ ಒಟ್ಟಿಗೆ ಮಾತ್ರ ಹಾಕ್ಕೋಬೇಡಿ ತಾಯಿ, ಯಾವ್ದ್ರಲ್ಲಿ ಏನು ಬರೆದ್ರಿ ಅಂತ ಹುಡ್ಕೋದೇ ಇನ್ನೊಂದು ಕೆಲ್ಸ ಆಗ್ಬಿಡುತ್ತೆ.