ಸೀಟು ಹಿಡಿಯಲು ಮುಂಗಡ ಕಟ್ಟಬೇಕೇ?

ಪತ್ರ: ಮಗಳು ಪಿಯುಸಿ ವಿಜ್ಞಾನದಲ್ಲಿ ಶೇ 81 ತೆಗೆದಿದ್ದಾಳೆ, ಸಿಇಟಿಯನ್ನೂ ಬರೆದಿದ್ದಾಳೆ. ಯಜಮಾನರು ಹಮಾಲಿ, ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಕಡೆಯವರು "25,000 ಕಟ್ಟಿ ಸೀಟು ಹಿಡಿದುಕೊಳ್ಳಿ, ಸ್ಕಾಲರ್‌ಶಿಪ್‌ನಲ್ಲಿ ಎಲ್ಲ ವಾಪಸ್ ಬರುತ್ತದೆ" ಎನ್ನುತ್ತಿದ್ದಾರೆ. ಕಟ್ಟಬೇಕೇ? ಜಮೀನಿಲ್ಲದವರಿಗೆ ಬ್ಯಾಂಕ್ ಸಾಲ ಕೊಡುತ್ತದೆಯೇ? — ಓದುಗರೊಬ್ಬರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ: ಕಟ್ಟಬೇಡಿ. ಹೀಗೆ ಮುಂಗಡ ಕೇಳುವುದು ಮ್ಯಾನೇಜ್‌ಮೆಂಟ್ ಸೀಟಿಗೆ, ಅಂದರೆ ಕಾಲೇಜು ತಾನೇ ತುಂಬಿಕೊಳ್ಳುವ ಸೀಟಿಗೆ. ಸಿಇಟಿ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅದನ್ನು ಕಾಲೇಜಿನವರು ಮೊದಲೇ ಹಿಡಿದಿಟ್ಟು ಕೊಡಲಾರರು. "ಎಲ್ಲ ವಾಪಸ್" ಎಂಬ ಮಾತೂ ಪೊಳ್ಳು. ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕವನ್ನು ಸರ್ಕಾರ ಭರಿಸಿಕೊಡುತ್ತದೆಂದು ನಂಬಿ ಹೋದವರು ಎರಡನೇ ಸೆಮಿಸ್ಟರ್ ಹೊತ್ತಿಗೆ ಬಡ್ಡಿ ಸಾಲಕ್ಕೆ ಬಿದ್ದಿರುತ್ತಾರೆ. ಇನ್ನೊಂದು ಮಾತು: ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಟ್ಟುಬರಬೇಡಿ. ತೋರಿಸಿ, ವಾಪಸ್ ತನ್ನಿ. ಅವುಗಳನ್ನು ಇಟ್ಟುಕೊಳ್ಳುವ ಅಧಿಕಾರ ಕಾಲೇಜಿಗಿಲ್ಲ.

ವಿದ್ಯಾರ್ಥಿವೇತನ ಹುಡುಕುವುದಕ್ಕಿಂತ ಮೊದಲು ಶುಲ್ಕವೇ ಕಡಿಮೆ ಇರುವ ಸೀಟು ಹುಡುಕಿ. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು, ಖಾಸಗಿ ಕಾಲೇಜುಗಳಲ್ಲೂ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕವಿಲ್ಲ. ಉಳಿದ ಶುಲ್ಕಗಳನ್ನು ಕಟ್ಟಬೇಕು. ಕೆಇಎ ಅರ್ಜಿಯಲ್ಲೇ ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ತುಂಬಿ ಇದನ್ನು ಕೇಳಿರಬೇಕು. ಸೇರಿದ ಮೇಲೆ ಕಾಲೇಜಾಗಲಿ ಬ್ರಾಂಚಾಗಲಿ ಬದಲಿಸುವಂತಿಲ್ಲ, ಹಾಗಾಗಿ ಆಪ್ಷನ್ ತುಂಬುವಾಗ ಬೇಡದ ಬ್ರಾಂಚನ್ನು ಸುಮ್ಮನೆ ಸೇರಿಸಬೇಡಿ. ಹಾವೇರಿ ಬಳಿಯ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು "ಊರಿನ ಕಾಲೇಜು ತಾನೇ" ಎಂದು ಪಟ್ಟಿಯ ಕೆಳಗೆ ತಳ್ಳುವವರಿದ್ದಾರೆ. ಮನೆಯಿಂದಲೇ ಓಡಾಡುವಂತಾದರೆ ನಾಲ್ಕು ವರ್ಷದ ಊಟ, ಬಾಡಿಗೆ ಉಳಿಯಿತು. ದೂರದಲ್ಲಿ ಸೀಟು ಸಿಕ್ಕರೆ ಅದೇ ವಾರ ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿಗೆ ಕೇಳಬಹುದು: ತಿಂಗಳಿಗೆ ಇಂತಿಷ್ಟು ಎಂದು ಹತ್ತು ತಿಂಗಳು. ಮೊತ್ತ ನೋಡಿದರೆ ಹಾಸ್ಟೆಲ್ಲೇ ಲಾಭ.

ಇನ್ನು ಸ್ಕಾಲರ್‌ಶಿಪ್. ನಿಮ್ಮ ಪ್ರವರ್ಗ ಯಾವುದೆಂದು ಬರೆದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಆದಾಯ ಮಿತಿ 2.5 ಲಕ್ಷ; ಹಿಂದುಳಿದ ವರ್ಗಗಳಲ್ಲಿ ಪ್ರವರ್ಗಕ್ಕೆ ತಕ್ಕಂತೆ ಬೇರೆ. ಇವೆಲ್ಲದಕ್ಕೂ ಅರ್ಜಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ. ಅರ್ಹತೆ ಇದ್ದೂ ಹಣ ಸಿಗದವರ ಪತ್ರ ನಮಗೆ ಬರುತ್ತಲೇ ಇರುತ್ತವೆ. ಹೆಚ್ಚಿನವುಗಳಲ್ಲಿ ತೊಡಕು ಎರಡೇ ಕಡೆ.

ಒಂದು, ಹೆಸರು. ಅಂಕಪಟ್ಟಿಯಲ್ಲಿ "ಸವಿತಾ ಬಿ", ಆಧಾರ್‌ನಲ್ಲಿ "ಸವಿತಾ ಬಸಪ್ಪ" ಎಂದಿದ್ದರೆ ಪೋರ್ಟಲ್ ಅಲ್ಲೇ ನಿಲ್ಲಿಸಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತಿದ್ದಿಸುವುದು ತಿಂಗಳುಗಟ್ಟಲೆ ಕೆಲಸ. ಅದರಲ್ಲಿರುವಂತೆ ಆಧಾರ್ ತಿದ್ದಿಸಿ. ಎರಡು, ಖಾತೆ. ಪಾಸ್‌ಬುಕ್ಕಿಗೆ ಆಧಾರ್ ಜೋಡಿಸಿದ್ದೇನೆ ಎಂದರೆ ಸಾಲದು. ಹಣ ಹೋಗುವುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿ ತೆರೆದು ಮರೆತ ಪೇಮೆಂಟ್ಸ್ ಬ್ಯಾಂಕ್ ಖಾತೆಗೂ ಹೋಗಬಹುದು. ಆಧಾರ್ ಜಾಲತಾಣದಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದರೆ ಬ್ಯಾಂಕಿನ ಹೆಸರು ಸಿಗುತ್ತದೆ. ಖಾತೆ ಮಗಳದ್ದೇ ಆಗಿರಬೇಕು, ನಿಮ್ಮದಲ್ಲ.

ಇಷ್ಟೆಲ್ಲ ಸರಿಯಿದ್ದರೂ ಹಣ ಬರುವುದು ತಡವಾಗಿ, ಕೆಲವೊಮ್ಮೆ ಮುಂದಿನ ಶೈಕ್ಷಣಿಕ ವರ್ಷದಲ್ಲಿ. ಪ್ರವೇಶದ ದಿನದ ಖರ್ಚಿಗೆ ಅದನ್ನು ನಂಬಬೇಡಿ.

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಪ್ರಗತಿ ಯೋಜನೆಯನ್ನೂ ಗಮನಿಸಿ: ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ. ಇದು ಎಸ್‌ಎಸ್‌ಪಿಯಲ್ಲಿ ಇಲ್ಲ, ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿದೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಆಯ್ಕೆ ಅಂಕದ ಮೇಲೆ, ಪೈಪೋಟಿಯೂ ಇದೆ; ಬಂದರೆ ಬಂತು.

ಸಾಲದ ವಿಚಾರ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನವೂ ಬೇಡ, ಕೈಯಿಂದ ಹಾಕುವ ಪಾಲೂ ಬೇಡ. ಕೇಂದ್ರದ ಖಾತರಿ ನಿಧಿಯಡಿ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಸಿಗುತ್ತದೆ. ಜಮೀನಿಲ್ಲವೆಂಬ ಹಿಂಜರಿಕೆ ಬೇಡ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ಕೋರ್ಸಿಗೆ ಎನ್‌ಬಿಎ ಅಥವಾ ಕಾಲೇಜಿಗೆ ನ್ಯಾಕ್ ಮಾನ್ಯತೆ ಇದ್ದರೆ, ಓದುವ ಅವಧಿ ಮತ್ತು ಮೇಲೊಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುತ್ತದೆ. ಇದು ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಮಾತ್ರ. ಬಿಎಸ್ಸಿಗೆ ಸೇರಿದರೆ ಲೆಕ್ಕ ಬೇರೆ. ಮಾನ್ಯತೆಯನ್ನು ಸೀಟು ಆರಿಸುವಾಗಲೇ ನೋಡಿಕೊಳ್ಳಿ.

ಅರ್ಜಿಗೆ ಹೆತ್ತವರೊಬ್ಬರು ಜಂಟಿ ಸಾಲಗಾರರಾಗಬೇಕು. ಸ್ವಸಹಾಯ ಸಂಘದ ಅಥವಾ ಮೈಕ್ರೋಫೈನಾನ್ಸ್ ಸಾಲದ ಕಂತು ನಿಮ್ಮ ಹೆಸರಲ್ಲಿ ಬಾಕಿ ಬಿದ್ದಿದ್ದರೆ ಬ್ಯಾಂಕಿನವರು ನೋಡುವ ಸಾಲದ ದಾಖಲೆಯಾದ ಸಿಬಿಲ್‌ನಲ್ಲಿ ಕಾಣುತ್ತದೆ. ಆಗ ಯಜಮಾನರ ಹೆಸರು ಹಾಕಿ. ಅರ್ಜಿಯನ್ನು ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕವೇ ಹಾಕಿದರೆ ದಾಖಲೆ ಉಳಿಯುತ್ತದೆ. ಮ್ಯಾನೇಜರ್ ಬಾಯಿಮಾತಲ್ಲಿ ಆಗಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಅದನ್ನು ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡಿಕೊಳ್ಳುವ ಹಾವೇರಿಯ ಲೀಡ್ ಬ್ಯಾಂಕ್ ಕಚೇರಿಗೆ ಒಯ್ಯಿರಿ.