ಅವ್ವನ ಹೆಸರಿಗೆ ಬಂದ ಲಕೋಟೆ

ಸಂಪಾದಕರ ಉತ್ತರ

ಮದ್ದೂರು ಕಡೆಯ ಹಳ್ಳಿಯವರು, ಈಗ ಮೈಸೂರಿನಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಹೋದ ಚುನಾವಣೆಯಲ್ಲಿ ವೋಟಿಗೆ ಎರಡು ದಿನ ಇರುವಾಗ ಯಾರೋ ಬಾಗಿಲ ಸಂದಿಯಲ್ಲಿ ಒಂದು ಲಕೋಟೆ ತೂರಿಸಿ ಹೋಗಿದ್ದರು. ಮೇಲೆ ನಮ್ಮವ್ವನ ಹೆಸರು, ತೀರಿಹೋದ ಅಪ್ಪನ ಹೆಸರು, ಬೂತ್ ನಂಬರು, ಪಟ್ಟಿಯ ಕ್ರಮ ಸಂಖ್ಯೆ, ಎಲ್ಲ ಸರಿಯಾಗಿತ್ತು. ಒಳಗೆ ಎರಡೇ ಮಾತು. ಎದುರಿನವರು ಗೆದ್ದರೆ ನಿಮ್ಮ ವಿಧವಾ ವೇತನ ನಿಂತುಹೋಗುತ್ತದೆ. ನೀವು ಯಾರಿಗೆ ಹಾಕಿದಿರಿ ಅನ್ನೋದು ನಮಗೆ ಗೊತ್ತಾಗುತ್ತದೆ, ನಮಗೆ ಹಾಕದಿದ್ದರೆ ಪಿಂಚಣಿಗೆ ನಾವು ಜವಾಬ್ದಾರರಲ್ಲ. ಪಕ್ಕದ ಮನೆಗೂ ಲಕೋಟೆ ಬಂದಿತ್ತು. ಅದರಲ್ಲಿ ಪಿಂಚಣಿ ಸುದ್ದಿ ಇಲ್ಲ, ಪಂಪ್‌ಸೆಟ್ಟಿಗೆ ಮೀಟರ್ ಹಾಕುತ್ತಾರೆ ಅಂತಿತ್ತು. ಅವ್ವ ಆ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ನನಗೇ ಗೊತ್ತಾಗಿದ್ದು ಮೊನ್ನೆ. ಇದು ಕಾನೂನಿಗೆ ಒಪ್ಪುತ್ತದಾ? ನಮ್ಮವ್ವನ ವಿವರ ಇವರಿಗೆ ಹೇಗೆ ಸಿಕ್ಕಿತು? ಪತ್ರಿಕೆಯವರು ನೀವು ಇಂಥದ್ದನ್ನು ಯಾಕೆ ಬರೆಯೋದಿಲ್ಲ?"

ಪ್ರಿಯರೇ,

ಮೊದಲು ಒಂದು ಮಾತನ್ನು ನಿಮ್ಮ ತಾಯಿಯವರಿಗೆ ತಲುಪಿಸಿ. ಅವರು ಯಾರಿಗೆ ವೋಟು ಹಾಕಿದರು ಅನ್ನೋದು ಯಾರಿಗೂ ಗೊತ್ತಾಗಿಲ್ಲ, ಗೊತ್ತಾಗುವುದೂ ಇಲ್ಲ. ಬೂತಿನ ರಿಜಿಸ್ಟರಿನಲ್ಲಿ ಅವರು ಬಂದು ವೋಟು ಹಾಕಿದರು ಅಂತ ಮಾತ್ರ ಇರುತ್ತದೆ. ಮತಯಂತ್ರದ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯಲ್ಲಿ ಅಚ್ಚಾಗುವ ಚೀಟಿ 7 ಸೆಕೆಂಡು ಗಾಜಿನ ಹಿಂದೆ ಕಂಡು ಪೆಟ್ಟಿಗೆಗೆ ಬೀಳುತ್ತದೆ, ಅದರಲ್ಲಿ ಹಾಕಿದವರ ಹೆಸರಿರುವುದಿಲ್ಲ. ಯಾರಿಗೆ ಹಾಕಿದೆ ಎಂದು ಹೇಳುವಂತೆ ಕೋರ್ಟು ಕೂಡ ಮತದಾರರನ್ನು ಒತ್ತಾಯಿಸುವಂತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಂ ಇದನ್ನೇ ಹೇಳುತ್ತದೆ.

ಆದರೆ ಇನ್ನೊಂದು ನಿಜವನ್ನೂ ಹೇಳಬೇಕು. ಬೂತಿಗೆ ಬೂತು ಲೆಕ್ಕ ಹೊರಗೆ ಬರುತ್ತದೆ. ಎಣಿಕೆ ಮುಗಿದ ಮೇಲೆ ಫಾರಂ 20ರಲ್ಲಿ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂದು ನಮೂದಾಗುತ್ತದೆ. ದೊಡ್ಡ ಊರಿನಲ್ಲಿ ಅದರಿಂದ ಏನೂ ತಿಳಿಯದು. ಒಂದೇ ಬೂತಿರುವ ಹಳ್ಳಿಯಲ್ಲಿ ಮಾತ್ರ "ಆ ಊರಿನವರು ನಮಗೆ ಹಾಕಿಲ್ಲ" ಅನ್ನೋದು ಮಾರನೇ ದಿನಕ್ಕೇ ಎಲ್ಲರ ಬಾಯಲ್ಲೂ ಇರುತ್ತದೆ. ರಸ್ತೆ, ಚರಂಡಿ, ನಾಲೆ ನೀರಿನ ವಿಷಯ ಬಂದಾಗ ಆ ಮಾತು ಮತ್ತೆ ತಲೆ ಎತ್ತುತ್ತದೆ. ಬೆದರಿಕೆ ಕಾಗದ ಬರೆಯುವವರು ಈ ಅರ್ಧ ಸತ್ಯವನ್ನೇ ಹಿಡಿದುಕೊಂಡು, ಊರಿನ ಲೆಕ್ಕ ಸಿಗುವುದನ್ನು ಒಬ್ಬೊಬ್ಬರ ಲೆಕ್ಕ ಸಿಗುವಂತೆ ಹೇಳುತ್ತಾರೆ. ಹಿಂದೆ ಮತಪತ್ರ ಇದ್ದಾಗ ಹಲವು ಬೂತುಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರ ಬಂದ ಮೇಲೆ ಅದು ತಪ್ಪಿತು. ಹಲವು ಯಂತ್ರಗಳ ಲೆಕ್ಕವನ್ನು ಒಟ್ಟಿಗೆ ತೋರಿಸುವ 'ಟೋಟಲೈಸರ್' ತರಬೇಕು ಎಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಇದನ್ನೇ ಶಿಫಾರಸು ಮಾಡಿತು. ಇನ್ನೂ ಜಾರಿಯಾಗಿಲ್ಲ. ನಿಮ್ಮ ತಾಯಿಯಂಥ ಎಷ್ಟೋ ಜನ ಹೆದರಿಕೊಂಡು ಬೂತಿಗೆ ಹೋಗುತ್ತಿರುವಾಗ ಇದು ಇಷ್ಟು ವರ್ಷ ಕಡತದಲ್ಲೇ ಕೂತಿರುವುದು ನನಗೆ ತುಂಬಾ ಬೇಸರದ ಸಂಗತಿ.

ಈಗ ಕಾನೂನಿನ ಪ್ರಶ್ನೆ. ಲಕೋಟೆಯಲ್ಲಿ ಎರಡು ಮಾತಿತ್ತು ಎಂದಿರಿ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

"ಎದುರಿನವರು ಗೆದ್ದರೆ ಪಿಂಚಣಿ ನಿಲ್ಲುತ್ತದೆ" ಅನ್ನೋದು ರಾಜಕೀಯದ ಮಾತು. ಸುಳ್ಳಿರಬಹುದು, ಕೆಟ್ಟದ್ದಿರಬಹುದು. ಆದರೂ ಎದುರಾಳಿಯ ನೀತಿ ಬಗ್ಗೆ ಹೀಗೆ ಹೇಳುವುದನ್ನು ಕಾನೂನು ಅಷ್ಟಾಗಿ ತಡೆಯುವುದಿಲ್ಲ. ತಡೆಯಲೂಬಾರದು ಅಂತ ನನ್ನ ಅಭಿಪ್ರಾಯ. ಎದುರಾಳಿಯನ್ನು ಟೀಕಿಸುವುದು ಚುನಾವಣೆಯಲ್ಲಿ ಬೇಕೇ ಬೇಕು. ಐದು ವರ್ಷ ಏನೂ ಮಾಡದವರನ್ನು ಏನೂ ಮಾಡಲಿಲ್ಲ ಎಂದು ಯಾರಾದರೂ ಹೇಳಬೇಕಲ್ವಾ? ಮಾದರಿ ನೀತಿ ಸಂಹಿತೆಯೂ ಟೀಕೆ ಬೇಡ ಎನ್ನುವುದಿಲ್ಲ. ನೀತಿ, ಕಾರ್ಯಕ್ರಮ, ಹಿಂದಿನ ಕೆಲಸ ಇಷ್ಟರ ಮೇಲೆ ಟೀಕೆ ಇರಲಿ, ಖಾಸಗಿ ಬದುಕಿಗೆ ಕೈ ಹಾಕಬೇಡಿ, ಖಚಿತವಿಲ್ಲದ ಆರೋಪ ಮಾಡಬೇಡಿ ಎನ್ನುತ್ತದೆ. ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಸುಳ್ಳು ಎಂದು ಗೊತ್ತಿದ್ದೂ ಪ್ರಕಟಿಸಿದರೆ ಅದು ಪ್ರಜಾಪ್ರತಿನಿಧಿ ಕಾಯ್ದೆಯ 123(4)ರ ಪ್ರಕಾರ ಭ್ರಷ್ಟಾಚರಣೆ.

ಎರಡನೆಯ ಮಾತು ಹಾಗಲ್ಲ. "ನಮಗೆ ಹಾಕದಿದ್ದರೆ ನಿಮಗೆ ಹೀಗಾಗುತ್ತದೆ" ಎಂದು ಒಬ್ಬ ಮತದಾರರ ಹೆಸರು ಹಿಡಿದು ಹೇಳಿದರೆ ಅದು ಬೆದರಿಕೆ. 123(2) ಇದನ್ನು 'ಅನುಚಿತ ಪ್ರಭಾವ' ಎಂದು ಕರೆಯುತ್ತದೆ. ಯಾವುದೇ ಬಗೆಯ ಹಾನಿಯ ಬೆದರಿಕೆ, ಜಾತಿಯಿಂದ, ಸಮಾಜದಿಂದ ಹೊರಗಿಡುವ ಬೆದರಿಕೆ, ದೇವರ ಕೋಪಕ್ಕೆ ಗುರಿಯಾಗುತ್ತೀರಿ ಅನ್ನೋ ಬೆದರಿಕೆ, ಎಲ್ಲವೂ ಇದರೊಳಗೆ ಬರುತ್ತವೆ. ನಮ್ಮ ಕಡೆ ದುಡ್ಡು ಕೊಟ್ಟು ದೇವರ ಮೇಲೆ ಆಣೆ ಮಾಡಿಸುತ್ತಾರಲ್ಲ, ಅದಕ್ಕೂ ಇದೇ ಕಲಂ ಸಾಕು. ಕೋರ್ಟಿನಲ್ಲಿ ಸಾಬೀತಾದರೆ ಗೆದ್ದವರ ಆಯ್ಕೆಯೇ ರದ್ದಾಗಬಹುದು, 6 ವರ್ಷದವರೆಗೆ ಅನರ್ಹರೂ ಆಗಬಹುದು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದು ಅಪರಾಧವೇ. ಒಂದು ವರ್ಷದವರೆಗೆ ಜೈಲು ಇದೆ.

ಕಾಗದದಲ್ಲಿ ಇನ್ನೂ ಒಂದು ತಪ್ಪಿದೆ ಅನ್ನಿಸುತ್ತದೆ. ಕೆಳಗೆ ಪ್ರೆಸ್ಸಿನ ಹೆಸರು ಇದೆಯೇ ನೋಡಿ. ಅಭ್ಯರ್ಥಿಯ ಪರವಾಗಿಯೋ ವಿರುದ್ಧವಾಗಿಯೋ ಹಂಚುವ ಯಾವುದೇ ಅಚ್ಚಾದ ಕಾಗದದ ಮೇಲೆ ಮುದ್ರಿಸಿದವರ, ಪ್ರಕಟಿಸಿದವರ ಹೆಸರು, ವಿಳಾಸ ಇರಲೇಬೇಕು. ಪ್ರಕಟಿಸುವವರು ತಮ್ಮ ಪರಿಚಯದ ಇಬ್ಬರಿಂದ ದೃಢೀಕರಿಸಿದ ಘೋಷಣೆ ಕೊಡಬೇಕು. ಪ್ರೆಸ್ಸಿನವರು ಅದರ ಜೊತೆ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ ಕಳಿಸಬೇಕು. ಇದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ. ಮೀರಿದರೆ 6 ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಕ್ಷೇತ್ರದ ಖರ್ಚು ಇವತ್ತು ಎಲ್ಲಿಗೆ ಮುಟ್ಟಿದೆ ಎಂದು ಬಲ್ಲವರಿಗೆ ಈ 2000 ರೂಪಾಯಿ ಯಾರನ್ನೂ ಹೆದರಿಸುವುದಿಲ್ಲ ಅನ್ನೋದು ಗೊತ್ತು. ಈ ದಂಡ ಏರಬೇಕು.

ವಿವರ ಸಿಕ್ಕಿದ್ದು ಹೇಗೆ? ಲಕೋಟೆ ಮೇಲಿದ್ದದ್ದೆಲ್ಲ ಮತದಾರರ ಪಟ್ಟಿಯಲ್ಲೇ ಇದೆ. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಭಾಗ ಸಂಖ್ಯೆ, ಕ್ರಮ ಸಂಖ್ಯೆ. ಅದು ಸಾರ್ವಜನಿಕ ದಾಖಲೆ. ಹಾಗಿದ್ದರೇನೇ ಬೋಗಸ್ ಹೆಸರು ಹಿಡಿಯಲು ಸಾಧ್ಯ. ಆದರೆ ಪಿಂಚಣಿ ವಿಷಯ ಆ ಪಟ್ಟಿಯಲ್ಲಿಲ್ಲ. ಪಂಪ್‌ಸೆಟ್ಟೂ ಇಲ್ಲ. ಊರನ್ನು ಬಲ್ಲವರು ಯಾರೋ ಪಟ್ಟಿ ಹಿಡಿದು ಕೂತು, ಹೆಸರಿನ ಮುಂದೆ 'ಪಿಂಚಣಿ', 'ಬೋರ್‌ವೆಲ್', 'ಸಂಘದ ಸಾಲ' ಎಂದು ಗುರುತು ಹಾಕಿದ್ದಾರೆ. ಹಳ್ಳಿಯಲ್ಲಿ ಅದಕ್ಕೆ ಕಂಪ್ಯೂಟರ್ ಬೇಡ, ಒಂದು ಸಂಜೆ ಸಾಕು. ಪೇಟೆಯಲ್ಲಾದರೆ ಮನೆಮನೆ ಸಮೀಕ್ಷೆ ನಡೆಯುತ್ತದೆ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಯ ಹೆಸರಲ್ಲಿ ಖಾಸಗಿ ಸಂಸ್ಥೆಯೊಂದು ಜನರ ವಿವರ ಸಂಗ್ರಹಿಸಿತು ಎಂಬ ಆರೋಪ ಬಂದು ದೊಡ್ಡ ಗಲಾಟೆಯೇ ಆಯಿತು. ತನಿಖೆ ನಡೆಯಿತು, ಅಧಿಕಾರಿಗಳೂ ಅಮಾನತಾದರು. ಗುರುತಿನ ಚೀಟಿ ತೋರಿಸದೆ ಸರ್ವೆ ಅಂತ ಬಂದವರಿಗೆ ನಿಮ್ಮ ಮನೆಯ ಸವಲತ್ತಿನ ಲೆಕ್ಕ ಹೇಳಬೇಕಾಗಿಲ್ಲ.

ಇದೇ ಕೆಲಸವನ್ನು ಅಮೆರಿಕದಲ್ಲಿ ಅಂಚೆಯ ಮೂಲಕ ಎಷ್ಟೋ ಕಾಲದಿಂದ ಮಾಡುತ್ತಿದ್ದಾರೆ. ಅಲ್ಲಿ ಯಾರಿಗೆ ಹಾಕಿದರು ಎಂಬುದು ಗುಟ್ಟು, ಆದರೆ ಹಾಕಿದರೋ ಇಲ್ಲವೋ ಅನ್ನೋ ದಾಖಲೆ ಸಿಗುತ್ತದೆ. 2006ರಲ್ಲಿ ಮಿಷಿಗನ್ ರಾಜ್ಯದಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೆಲವು ಮನೆಗಳಿಗೆ ಅವರದ್ದೂ, ನೆರೆಮನೆಯವರದ್ದೂ ಮತದಾನದ ದಾಖಲೆ ಬರೆದು ಕಾಗದ ಕಳಿಸಿದರು. ಚುನಾವಣೆ ಮುಗಿದ ಮೇಲೂ ಹೀಗೇ ಕಳಿಸುತ್ತೇವೆ ಎಂದರು. ಕಾಗದ ಹೋಗದ ಮನೆಗಳಲ್ಲಿ ಶೇ. 29.7 ಮತದಾನವಾದರೆ ಇವರಲ್ಲಿ ಶೇ. 37.8 ಆಯಿತು. 2016ರ ಆರಂಭದಲ್ಲಿ ಐಯೊವಾ ರಾಜ್ಯದಲ್ಲಿ, ಅಧ್ಯಕ್ಷ ಹುದ್ದೆಗೆ ತಮ್ಮ ಪಕ್ಷದ ಟಿಕೆಟ್ ಬಯಸಿದ್ದ ಟೆಡ್ ಕ್ರೂಝ್ ಅವರ ಪ್ರಚಾರ ತಂಡ ಇದನ್ನೇ ಇನ್ನೂ ಮುಂದಕ್ಕೆ ಒಯ್ದಿತು. ಸರ್ಕಾರಿ ನೋಟಿಸಿನಂತೆ ಕಾಣುವ ಕಾಗದ, ಮೇಲೆ 'ಮತದಾನ ಉಲ್ಲಂಘನೆ' ಅನ್ನೋ ಅರ್ಥದ ದೊಡ್ಡ ಅಕ್ಷರ, ಕೆಳಗೆ ಮತದಾರರಿಗೂ ನೆರೆಯವರಿಗೂ ಶಾಲೆಯಲ್ಲಿ ಕೊಟ್ಟಂತೆ ಗ್ರೇಡು. ಅಂಥ ಉಲ್ಲಂಘನೆ ಎಂಬುದೇ ನಮ್ಮ ಕಾನೂನಿನಲ್ಲಿಲ್ಲ ಎಂದು ಆ ರಾಜ್ಯದ ಚುನಾವಣೆ ನೋಡಿಕೊಳ್ಳುವ ಪಾಲ್ ಪೇಟ್ ಬಹಿರಂಗವಾಗಿ ಖಂಡಿಸಿದರು. ಅವರೂ ಕ್ರೂಝ್ ಅವರ ಪಕ್ಷದವರೇ. ಅವರು ಹಾಗೆ ಹೇಳಿದ್ದು ನನಗೆ ಇಷ್ಟವಾಯಿತು. ತನ್ನ ಪಕ್ಷದವರ ತಪ್ಪನ್ನು ಚುನಾವಣೆ ಮುಗಿಯುವ ಮೊದಲೇ ಹೇಳುವವರು ನಮ್ಮಲ್ಲೂ ಬೇಕು.

ವೇದಿಕೆ ಮೇಲಿನ ಬೈಗುಳಕ್ಕೆ ಅಷ್ಟು ಶಕ್ತಿ ಇಲ್ಲ. ಎದುರಾಳಿಯನ್ನು ಹೀಗಳೆಯುವ ಪ್ರಚಾರದಿಂದ ವೋಟು ಜಾಸ್ತಿ ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ ಎಂದು ಅಲ್ಲಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು 2007ರಲ್ಲಿ ಬರೆದರು. ಮಂಡ್ಯದವರಿಗೆ ಇದನ್ನು ಹೊರಗಿನವರು ಹೇಳಬೇಕಿಲ್ಲ. 2019ರ ಲೋಕಸಭಾ ಚುನಾವಣೆ ನೆನಪಿದೆಯಲ್ವಾ? ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತರು, ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ವೈಯಕ್ತಿಕ ಮಾತುಗಳೂ ಸಾಕಷ್ಟು ಬಂದವು. ಆದರೆ ಎಲ್ಲವೂ ಎಲ್ಲರ ಕಿವಿಗೂ ಬಿತ್ತು. ಟೀ ಅಂಗಡಿಯಲ್ಲಿ, ಆಲೆಮನೆಯಲ್ಲಿ ಚರ್ಚೆಯಾಯಿತು. ಹೆಸರಲ್ಲಿ ಗೊಂದಲ ಇದೆ, ಕಹಳೆ ಊದುವ ರೈತನ ಗುರುತು ನೋಡಿಕೊಳ್ಳಿ ಎಂದು ಜನ ಜನಕ್ಕೆ ಹೇಳಿದರು. ಅವರು 1,25,876 ವೋಟಿನಿಂದ ಗೆದ್ದರು. ಯಾರು ಗೆದ್ದರು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಬಯಲಿಗೆ ಬಂದ ಮಾತಿಗೆ ಬಯಲಲ್ಲೇ ಉತ್ತರ ಸಿಕ್ಕಿತು ಅನ್ನೋದು ಮುಖ್ಯ.

ಲಕೋಟೆಗೆ ಆ ಉತ್ತರ ಸಿಗುವುದಿಲ್ಲ. ನಿಮ್ಮ ತಾಯಿಗೆ ಹೇಳಿದ್ದು ಪಕ್ಕದ ಮನೆಗೆ ಗೊತ್ತಿಲ್ಲ, ಪಕ್ಕದ ಮನೆಗೆ ಹೇಳಿದ್ದು ಇವರಿಗೆ ಗೊತ್ತಿಲ್ಲ. ಆರೋಪ ಹೊತ್ತ ಅಭ್ಯರ್ಥಿಗೂ ಗೊತ್ತಿಲ್ಲ. ಕೊನೆಯ 48 ಗಂಟೆಯಲ್ಲಿ ಬಹಿರಂಗ ಸಭೆ, ಮೆರವಣಿಗೆ ನಿಲ್ಲುತ್ತವೆ, ಮನೆಮನೆಗೆ ಹೋಗಲು ಅವಕಾಶ ಇರುತ್ತದೆ. ಲಕೋಟೆಗಳು ಬರುವುದು ಸರಿಯಾಗಿ ಆಗಲೇ. 'ಕತ್ತಲ ರಾತ್ರಿ' ಎಂದರೆ ನಮಗೆಲ್ಲ ದುಡ್ಡು ಹಂಚುವುದು ನೆನಪಾಗುತ್ತದೆ. ದುಡ್ಡಿನ ಜೊತೆ ಭಯವನ್ನೂ ಅದೇ ರಾತ್ರಿ ಹಂಚುತ್ತಾರೆ. ದುಡ್ಡು ಹಂಚಿದ್ದು ಹೇಗೋ ಸುದ್ದಿಯಾಗುತ್ತದೆ, ಭಯ ಹಂಚಿದ್ದು ಆಗುವುದಿಲ್ಲ. ನಿಮ್ಮ ತಾಯಿ ಕಾಗದವನ್ನು ಮುಚ್ಚಿಟ್ಟುಕೊಂಡರಲ್ಲ, ಬರೆದವರಿಗೆ ಬೇಕಾಗಿದ್ದು ಅಷ್ಟೇ. ಅದಕ್ಕೆ ಅವರನ್ನು ಗದರಬೇಡಿ. ತಿಂಗಳ ಪಿಂಚಣಿಯಲ್ಲಿ ಮಾತ್ರೆ ತರುವವರಿಗೆ ಆ ಕಾಗದ ಎಷ್ಟು ಭಾರ ಅನ್ನೋದು ನಮಗೆ ಅರ್ಥವಾಗಬೇಕು.

ವಿಧವಾ ವೇತನ ಮಂಜೂರಾಗುವುದು ಕಂದಾಯ ಇಲಾಖೆಯಲ್ಲಿ. ಸರ್ಕಾರ ಬದಲಾದರೆ ಯೋಜನೆಯನ್ನೇ ಬದಲಾಯಿಸಬಹುದು, ಆಗ ಅದು ಎಲ್ಲರಿಗೂ ಅನ್ವಯಿಸುತ್ತದೆ. ವೋಟು ನೋಡಿ ಒಬ್ಬರ ಪಿಂಚಣಿ ಕತ್ತರಿಸಲು ಯಾವ ಶಾಸಕರಿಗೂ ಅಧಿಕಾರವಿಲ್ಲ. ಅನುಮಾನವಿದ್ದರೆ ನಾಡಕಚೇರಿಯಲ್ಲಿ ಕೇಳಿ, ಅಲ್ಲಿಗೆ ತಾಯಿಯವರನ್ನೂ ಕರೆದುಕೊಂಡು ಹೋಗಿ. ಅವರ ಕಿವಿಗೇ ಆ ಮಾತು ಬೀಳಲಿ.

ಹೋದ ಚುನಾವಣೆಗೆ ಈಗ ಮಾಡಬಹುದಾದದ್ದು ಕಡಿಮೆ. ಆಯ್ಕೆಯನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗಲು ಫಲಿತಾಂಶದ ದಿನದಿಂದ 45 ದಿನ ಮಾತ್ರ ಸಮಯ. ಸೋತ ಅಭ್ಯರ್ಥಿಯೇ ಹೋಗಬೇಕೆಂದಿಲ್ಲ, ಆ ಕ್ಷೇತ್ರದ ಮತದಾರರೂ ಹೋಗಬಹುದು. ಆದರೆ ಕಾಗದದ ಹಿಂದೆ ಅಭ್ಯರ್ಥಿಯೋ, ಅವರ ಏಜೆಂಟರೋ, ಅವರ ಒಪ್ಪಿಗೆಯೋ ಇತ್ತು ಎಂದು ತೋರಿಸಬೇಕು. ಹೆಸರಿಲ್ಲದ ಕಾಗದ ಕಳಿಸುವುದೇ ಅದಕ್ಕೆ. ಮುಂದಿನ ವಿಧಾನಸಭೆ ಅಥವಾ ಲೋಕಸಭೆ ಚುನಾವಣೆಯಲ್ಲಿ ಇಂಥದ್ದು ಬಂದರೆ ಅಂದೇ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ದೂರು ಕೊಡಿ. ಹಳೆಯ ಫೋಟೊ ಅದರಲ್ಲಿ ಹೋಗುವುದಿಲ್ಲ, ಆ್ಯಪ್ ತೆರೆದು ಅಲ್ಲೇ ತೆಗೆಯಬೇಕು. ಹೆಸರು ಹೇಳದೆಯೂ ಕೊಡಬಹುದು. 100 ನಿಮಿಷದಲ್ಲಿ ಕ್ರಮ ಆಗಬೇಕು ಅನ್ನೋದು ಆಯೋಗದ ನಿಯಮ. ಆ್ಯಪ್ ಬಳಸಲು ಬಾರದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಲಕೋಟೆಯನ್ನು ಹರಿಯಬೇಡಿ, ಅಂದು ಸಂಜೆಯೇ ಅರಳಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಜೋರಾಗಿ ಓದಿ. ಪಕ್ಕದ ಮನೆಯವರೂ ತಮ್ಮದನ್ನು ತರಲಿ. ಒಂದೇ ಕೈ ಒಂದೊಂದು ಮನೆಗೆ ಒಂದೊಂದು ಭಯ ಬರೆದಿದೆ ಅನ್ನೋದು ಎರಡು ಕಾಗದ ಜೊತೆಗಿಟ್ಟರೆ ಎಲ್ಲರಿಗೂ ಕಾಣುತ್ತದೆ.

ಪತ್ರಿಕೆಯವರು ಯಾಕೆ ಬರೆಯುವುದಿಲ್ಲ ಎಂದಿರಿ. ಕಾಗದ ನಮ್ಮ ಕೈಗೆ ಬರುವುದೇ ಇಲ್ಲ. ಬಂದರೂ ಫಲಿತಾಂಶ ಆದ ಮೇಲೆ, ನಿಮ್ಮದು ಬಂದ ಹಾಗೆ. ಅದಕ್ಕಾಗಿ ನಾವೊಂದು ತೀರ್ಮಾನ ಮಾಡಿದ್ದೇವೆ. ಮಂಡ್ಯ, ಮೈಸೂರು ಜಿಲ್ಲೆಯ ಯಾವ ಓದುಗರಿಗೆ ಇಂಥ ಕಾಗದ ಬಂದಿದ್ದರೂ ಪ್ರತಿ ಕಳಿಸಿಕೊಡಿ, ಹಳೆಯದಾದರೂ ಸರಿ. ಹೆಸರು, ವಿಳಾಸ ಅಳಿಸಿ, ಯಾವ ಪಕ್ಷದ ಪರವಾಗಿದ್ದರೂ ಅಚ್ಚು ಹಾಕುತ್ತೇವೆ. ಪಿಂಚಣಿ ಅಂತಿದ್ದರೆ ಕಂದಾಯ ಇಲಾಖೆಯವರ, ಮೀಟರ್ ಅಂತಿದ್ದರೆ ವಿದ್ಯುತ್ ಕಂಪನಿಯವರ ಉತ್ತರ ಕೇಳಿ ಪಕ್ಕದಲ್ಲೇ ಹಾಕುತ್ತೇವೆ. ಮೊದಲನೆಯದಾಗಿ ನಿಮ್ಮ ತಾಯಿಯವರ ಕಾಗದ ಹಾಕಲು ಅವರ ಒಪ್ಪಿಗೆ ಬೇಕು. ನೀವೇ ಕೂತು ಕೇಳಿ ನಮಗೆ ತಿಳಿಸಿ. ಬೇಡ ಎಂದರೆ ಬೇಡ.